ವಿಷಾದಕ್ಕೆ ತಾರೀಖು ಇರುವುದಿಲ್ಲ

ಕನ್ನಡದ ಯಾವ ಸಮಾರಂಭಕ್ಕೆ ಹೋದರೂ, ಅದು ಪುತ್ತೂರಿನಲ್ಲಿರಲಿ ಜಿದ್ದಾದಲ್ಲಿರಲಿ, ವಂದನಾರ್ಪಣೆಯ ಕೊನೆಯ ವಾಕ್ಯ ಒಂದೇ: "ಯಾರ ಹೆಸರನ್ನಾದರೂ ಬಿಟ್ಟಿದ್ದರೆ ದಯವಿಟ್ಟು ಕ್ಷಮಿಸಬೇಕು." ಊಟದ ಸಾಲಿನ ಕಡೆ ಆಗಲೇ ಕಾಲು ಹಾಕಿರುವ ಸಭಿಕರು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಹೇಳಿದವರಿಗೂ ತಾವು ಕ್ಷಮೆ ಕೇಳಿದೆವು ಅನ್ನಿಸಿರುವುದಿಲ್ಲ. ಹೆಸರು ಬಿಟ್ಟುಹೋದ ಒಬ್ಬರು ಮಾತ್ರ ಅದನ್ನು ಕೇಳಿಸಿಕೊಂಡು, ಗೊತ್ತಿದ್ದೇ ಬಿಟ್ಟಿದ್ದಾರೆ ಎಂದು ತೀರ್ಮಾನಿಸಿ, ಊಟ ಮಾಡದೆ ಮನೆಗೆ ಹೋಗುತ್ತಾರೆ.

ಇಂಥ ಒಣ ಮಾತುಗಳನ್ನು ಕೇಳಿ ಕೇಳಿ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಔಪಚಾರಿಕವಾಗಿ ಕೇಳಿದ ಕ್ಷಮೆ ಬರೀ ನಾಟಕ, ಮನಸ್ಸಿನಿಂದ ಬಂದದ್ದು ಮಾತ್ರ ನಿಜ ಎಂಬ ನಂಬಿಕೆ. ಇಪ್ಪತ್ತು ವರ್ಷ ಲೆಕ್ಕಪತ್ರಗಳ ನಡುವೆ ಕಳೆದ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಬಹಳ ಒಳ್ಳೆಯ ಮನಸ್ಸಿನ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ; ಅವರ ವೋಚರುಗಳಲ್ಲಿ ತಾರೀಖೇ ಇರುವುದಿಲ್ಲ. ನಮೂನೆ, ಫಾರಂ, ಕಾಲಂ ಎಂಬುವೆಲ್ಲ ಹುಟ್ಟಿದ್ದೇ ಮನಸ್ಸು ಮರೆಯಲು ಬಯಸುವುದನ್ನು ಬರೆಸುವುದಕ್ಕೆ. ಯಾರು, ಏನು ಮಾಡಿದರು, ಯಾರಿಗೆ, ಎಷ್ಟು ನಷ್ಟವಾಯಿತು, ಅದನ್ನು ಯಾವಾಗ ತೀರಿಸುತ್ತಾರೆ: ಸಾಲದ ಪತ್ರಕ್ಕಿರುವ ಈ ಐದು ಕಾಲಂಗಳೇ ಕ್ಷಮೆಯಾಚನೆಗೂ ಇರಬೇಕು. ನಮ್ಮ ಸಾರ್ವಜನಿಕ ಕನ್ನಡ ಈ ಕಾಲಂಗಳನ್ನು ಒಂದೊಂದಾಗಿ ಖಾಲಿ ಬಿಡುವುದನ್ನು ಕಲಿತಿದೆ ಎಂಬುದು ನನ್ನ ದೂರು. ವಂದನಾರ್ಪಣೆಯ ವಾಕ್ಯ ಅದರಲ್ಲಿ ತೀರಾ ನಿರುಪದ್ರವಿ ಮಾದರಿ.

ಅತಿ ಔಪಚಾರಿಕವಾಗಿ ಕ್ಷಮೆ ಕೇಳುವುದು ಎಂದ ಕೂಡಲೇ ಜಗತ್ತು ಜಪಾನಿನ ಕಡೆ ಬೆರಳು ತೋರಿಸುತ್ತದೆ. 2017ರ ನವೆಂಬರ್ 14ರಂದು ಟೋಕಿಯೊ ಸಮೀಪದ ಮಿನಾಮಿ ನಗರೆಯಾಮಾ ನಿಲ್ದಾಣದಿಂದ ತ್ಸುಕುಬಾ ಎಕ್ಸ್‌ಪ್ರೆಸ್ ರೈಲು ನಿಗದಿತ ಸಮಯಕ್ಕಿಂತ 20 ಸೆಕೆಂಡು ಮೊದಲು ಹೊರಟಿತು. 9 ಗಂಟೆ 44 ನಿಮಿಷ 40 ಸೆಕೆಂಡಿಗೆ ಹೊರಡಬೇಕಾದದ್ದು 44 ನಿಮಿಷ 20 ಸೆಕೆಂಡಿಗೆ ಹೊರಟಿತು ಎಂದು ಬರೆದು ಕಂಪನಿ ಕ್ಷಮೆ ಕೇಳಿತು. ಸುದ್ದಿ ಓದಿ ಎಲ್ಲರೂ ನಕ್ಕರು. ನಮ್ಮ ಕಡೆಯ ರೈಲಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕಾದವರು ಇನ್ನೂ ಸ್ವಲ್ಪ ಜಾಸ್ತಿ ನಕ್ಕರು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಯಾವ ರೈಲು, ಯಾವ ನಿಲ್ದಾಣ, ಎಷ್ಟು ಸೆಕೆಂಡು ಎಂಬುದೆಲ್ಲ ಅದರಲ್ಲಿತ್ತು. ಆಡಿಟ್ ಮಾಡಬಹುದಾದ ಕ್ಷಮೆ ಅದು.

ಜಪಾನೀ ಭಾಷೆ ನನಗೆ ಮಾತಾಡುವಷ್ಟು ಬಾರದು. ಅಲ್ಲಿನ ಕಂಪನಿಗಳ ಲೆಕ್ಕಪತ್ರ ಹಗರಣಗಳನ್ನು ವೃತ್ತಿಯ ಕಾರಣಕ್ಕೆ ಓದುತ್ತಾ ಈ ಪದಗಳ ಬೆನ್ನು ಹತ್ತಿದೆ. ಮನೆಯವರ, ಗೆಳೆಯರ ನಡುವೆ 'ಗೊಮೆನ್ ನಸಾಯಿ' ಸಾಕು. ಬೀದಿಯಲ್ಲಿ ಅಪರಿಚಿತರಿಗೆ 'ಸುಮಿಮಾಸೆನ್'. ಗ್ರಾಹಕರ ಎದುರು, ಮೇಲಧಿಕಾರಿಯ ಎದುರು 'ಮೋಶಿವಾಕೆ ಗೊಝಾಯಿಮಾಸೆನ್'. ಪತ್ರಿಕಾಗೋಷ್ಠಿಯಲ್ಲಿ, ಮುದ್ರಿತ ಪತ್ರದಲ್ಲಿ 'ಓವಾಬಿ ಮೋಶಿಆಗೆಮಾಸು'. ಜೊತೆಗೆ ಬಾಗುವ ಕೋನಗಳೂ ಇವೆ: ದಾರಿಯಲ್ಲಿ ಎದುರಾದರೆ 15 ಡಿಗ್ರಿ, ಗ್ರಾಹಕರಿಗೆ 30, ಗಾಢವಾದ ಕ್ಷಮೆಗೆ 45. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಕಲಿಸಿಯೇ ಕೌಂಟರಿಗೆ ಬಿಡುತ್ತಾರೆ.

ಈ ಮೆಟ್ಟಿಲುಗಳಿಗಿಂತ ಆ ಪದಗಳ ಒಳಗಿರುವ ಅರ್ಥ ನನಗೆ ಹೆಚ್ಚು ಹಿಡಿಸಿತು. 'ಸುಮಿಮಾಸೆನ್' ಎಂಬುದರ ಮೂಲದಲ್ಲಿರುವ 'ಸುಮು' ಎಂದರೆ ಮುಗಿಯುವುದು, ತೀರುವುದು. ಸುಮಿಮಾಸೆನ್ ಎಂದರೆ ಅದು ತೀರಿಲ್ಲ ಎಂದರ್ಥ. ಅದನ್ನು ಬರೆಯುವ ಅಕ್ಷರವೇ ಸಾಲ ಮರುಪಾವತಿಗೆ ಹೇಳುವ 'ಹೆನ್ಸಾಯಿ'ಯಲ್ಲೂ ಹಣ ಪಾವತಿಗೆ ಹೇಳುವ 'ಕೆಸ್ಸಾಯಿ'ಯಲ್ಲೂ ಇದೆ. ನಮ್ಮ ಅಂಗಡಿ ಕನ್ನಡದಲ್ಲಿ ಹೇಳುವುದಾದರೆ, ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಇನ್ನು 'ಮೋಶಿವಾಕೆ' ಎಂದರೆ ಹೇಳಿಕೊಳ್ಳಬಹುದಾದ ಕಾರಣ, ಸಬೂಬು. ಅದು ಇಲ್ಲ ಎನ್ನುವುದೇ ಅತಿ ಔಪಚಾರಿಕ ಕ್ಷಮೆ. ಇಂಥ ಮಾತು ಆಡಿದವನಿಗೆ "ಆದರೆ ಆವತ್ತು ಏನಾಯಿತೆಂದರೆ" ಎಂದು ಮುಂದುವರಿಸಲು ಬಾಯಿ ಬರುವುದು ಕಷ್ಟ. ಕಚೇರಿಯಲ್ಲಿ ತಪ್ಪು ದೊಡ್ಡದಾದರೆ 'ಶಿಮಾತ್ಸುಶೋ' ಎಂಬ ಪತ್ರ ಬರೆಯಬೇಕು: ಏನು ನಡೆಯಿತು, ಯಾವಾಗ, ಯಾವ ಕಾರಣಕ್ಕೆ, ಮತ್ತೆ ಆಗದಂತೆ ಏನು ಮಾಡುತ್ತೇನೆ. ಕ್ಷಮೆ ಅದರಲ್ಲಿ ಒಂದು ಸಾಲು ಮಾತ್ರ.

ಈಗ ಕನ್ನಡಕ್ಕೆ ಬರೋಣ. ನಮ್ಮ ಪದಗಳು ಬಡವಲ್ಲ. 'ಕ್ಷಮಾ' ಎಂದರೆ ಸಂಸ್ಕೃತದಲ್ಲಿ ತಾಳ್ಮೆ, ಭೂಮಿ ಎಂಬ ಅರ್ಥಗಳೂ ಇವೆ. ಆದ್ದರಿಂದ 'ಕ್ಷಮಿಸಿ' ಎಂದಾಗ ನಾವು ಎದುರಿನವರನ್ನು ಭೂಮಿಯಂತೆ ತಾಳಿಕೊಳ್ಳಿ ಎಂದು ಕೇಳುತ್ತೇವೆ. 'ಹೊಟ್ಟೆಗೆ ಹಾಕಿಕೊಳ್ಳಿ' ಎಂದಾಗ ನಮ್ಮ ತಪ್ಪನ್ನು ನೀವು ನುಂಗಿ ಎನ್ನುತ್ತೇವೆ. ಎರಡರಲ್ಲೂ ದುಡಿಮೆ ನೊಂದವರ ಪಾಲಿಗೆ! 'ಮನ್ನಿಸು' ಎಂಬುದಕ್ಕೆ ಗೌರವಿಸು ಎಂಬ ಅರ್ಥವೂ ಇದೆ. ಕಳೆದುಕೊಂಡ ಮಾನವನ್ನು ಮರಳಿ ಕೊಡಿ ಎಂಬ ಬೇಡಿಕೆ ಅದರಲ್ಲಿದೆ. 'ತಪ್ಪಾಯಿತು' ಎಂಬುದು ಸರಳ, ಸುಂದರ. ಆದರೆ ಆ 'ಆಯಿತು' ಮಳೆಯಾಯಿತು, ಬೆಳಗಾಯಿತು ಎನ್ನುವಾಗಿನ 'ಆಯಿತು'. ಮಾಡಿದವನು ವಾಕ್ಯದಲ್ಲಿ ಇಲ್ಲ. ಅದಕ್ಕೆ 'ನನ್ನಿಂದ' ಎಂಬ ಒಂದೇ ಪದ ಸೇರಿಸಿ ನೋಡಿ, ಮನುಷ್ಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ನಮ್ಮ ಊರಿನ ಹಿರಿಯರು 'ನನ್ನಿಂದ ತಪ್ಪಾಯಿತು' ಎನ್ನುತ್ತಿದ್ದರು. ಹರಕೆ ತಪ್ಪಿದವರು, ದೇವಸ್ಥಾನಕ್ಕೆ ಕೊಟ್ಟ ಮಾತು ಮೀರಿದವರು ಹಾಕುವ 'ತಪ್ಪುಕಾಣಿಕೆ' ಇನ್ನೂ ಖಚಿತ: ತಪ್ಪಿಗೊಂದು ಹೆಸರು, ಅದನ್ನು ತೀರಿಸಲು ಒಂದು ಹಣ, ಹಾಕಲು ಒಂದು ಡಬ್ಬಿ.

ಇಷ್ಟು ಇಟ್ಟುಕೊಂಡು ನಮ್ಮ ಕಚೇರಿ ಕನ್ನಡ ಆರಿಸಿಕೊಂಡದ್ದು 'ವಿಷಾದ'ವನ್ನು. "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ." ರೈಲು ನಿಲ್ದಾಣದಲ್ಲಿ ಇದು, ಅಗೆದ ರಸ್ತೆಯ ಫಲಕದಲ್ಲಿ ಇದು, ಪತ್ರಿಕೆಯ ಒಳಪುಟದ ತಿದ್ದುಪಡಿಯಲ್ಲಿ ಇದು. ವಿಷಾದ ಎಂದರೆ ದುಃಖ. ದುಃಖಪಡಲು ತಪ್ಪು ಮಾಡಿರಬೇಕಾಗಿಲ್ಲ. ಪಕ್ಕದ ಮನೆಯವರೂ ದುಃಖಪಡಬಹುದು. ಈ ವ್ಯತ್ಯಾಸ ದೊಡ್ಡವರಿಗೆ ಚೆನ್ನಾಗಿ ಗೊತ್ತು. 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರಿಗೆ ಹೋದ ಕೊಮಗಾಟ ಮಾರು ಹಡಗನ್ನು ಹಿಂದಕ್ಕೆ ಅಟ್ಟಿದ್ದಕ್ಕೆ ಕೆನಡಾದ ಪ್ರಧಾನಿ ಜಸ್ಟಿನ್ ಟ್ರೂಡೊ 2016ರ ಮೇ 18ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನೂರನೇ ವರ್ಷದಲ್ಲಿ, 2019ರ ಏಪ್ರಿಲ್ 10ರಂದು, ಬ್ರಿಟನ್ನಿನ ಪ್ರಧಾನಿ ತೆರೆಸಾ ಮೇ ಸಂಸತ್ತಿನಲ್ಲಿ ಆಳವಾದ ವಿಷಾದ ವ್ಯಕ್ತಪಡಿಸಿದರು. ಎರಡನ್ನೂ ವಕೀಲರು ಓದಿಯೇ ಇರುತ್ತಾರೆ.

ನನ್ನ ವೃತ್ತಿಯಲ್ಲೂ ಈ ಭೇದ ಇದೆ. ಹಿಂದೆ ನಡೆದದ್ದರಿಂದ ಇಂದು ಹೊಣೆ ಹುಟ್ಟಿದೆ, ಹಣ ಕೊಡಬೇಕಾಗಿ ಬರುವ ಸಂಭವವೇ ಹೆಚ್ಚು, ಎಷ್ಟು ಎಂದು ಅಂದಾಜಿಸಬಹುದು ಎಂದಾದರೆ ಅದನ್ನು 'ಪ್ರಾವಿಷನ್' ಎಂದು ಆಸ್ತಿ ಹೊಣೆ ಪಟ್ಟಿಯ ಒಳಗೇ ತೋರಿಸಬೇಕು. ಹೊಣೆ ಇದೆಯೋ ಇಲ್ಲವೋ ಮುಂದೆ ಗೊತ್ತಾಗಬೇಕು ಎಂದಾದರೆ ಅದು 'ಕಂಟಿಂಜೆಂಟ್ ಲಯಬಿಲಿಟಿ'. ಪಟ್ಟಿಯ ಒಳಗೆ ಬರುವುದಿಲ್ಲ, ಕೊನೆಯ ಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಕೂರುತ್ತದೆ. "ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ" ಎಂಬುದು ಈ ಎರಡನೆಯ ಜಾತಿಗೆ ಸೇರಿದ್ದು. ಆ 'ಆಗಿದ್ದರೆ' ಇರುವಷ್ಟು ಕಾಲ ಹೊಣೆ ಟಿಪ್ಪಣಿಯಲ್ಲೇ ಇರುತ್ತದೆ. ಓಲೆಗರಿ ನಕಲು ಮಾಡುತ್ತಿದ್ದ ಲಿಪಿಕಾರರಲ್ಲಿ ಕೊನೆಗೊಂದು ಮಾತು ಬರೆಯುವ ವಾಡಿಕೆ ಇತ್ತು: ಮೂಲದಲ್ಲಿ ಕಂಡಂತೆ ಬರೆದಿದ್ದೇನೆ, ಸರಿಯೋ ತಪ್ಪೋ ದೋಷ ನನ್ನದಲ್ಲ. ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ನಮ್ಮ ಆಡಿಟ್ ವರದಿಯ ಡಿಸ್‌ಕ್ಲೈಮರ್ ಕೂಡ ಹೆಚ್ಚುಕಡಿಮೆ ಇದೇ ಮಾತು. ಆದರೆ ಆ ಲಿಪಿಕಾರ ಅದನ್ನು ಕ್ಷಮೆಯಾಚನೆ ಎಂದು ಕರೆಯಲಿಲ್ಲ.

ಇದೆಲ್ಲ ಪದಗಳ ಕೂದಲು ಸೀಳುವ ಆಟವೆಂದು ಯಾರಿಗಾದರೂ ಅನ್ನಿಸಿದರೆ, ನಾನು ಕೆಲಸ ಮಾಡುವ ಮಕ್ಕಾ ನಗರದ ಒಂದು ನೋಟಿಸಿನ ಕತೆ ಹೇಳುತ್ತೇನೆ. ಇಲ್ಲಿಯ ಒಂದು ಗುತ್ತಿಗೆ ಕಂಪನಿಯಲ್ಲಿ ಕೆಲವು ವರ್ಷಗಳ ಹಿಂದೆ ಮೂರು ತಿಂಗಳ ಸಂಬಳ ನಿಂತಿತ್ತು. ಕಾರ್ಮಿಕರ ವಸತಿಯ ಗೋಡೆಗೆ ಅರಬಿ, ಇಂಗ್ಲಿಷ್, ಉರ್ದುಗಳಲ್ಲಿ ನೋಟಿಸು ಅಂಟಿಸಿದರು. ಅನಿವಾರ್ಯ ಕಾರಣಗಳಿಂದ ತಡವಾಗಿದೆ, ಆಗಿರುವ ಅನಾನುಕೂಲಕ್ಕೆ ಕಂಪನಿ ತೀವ್ರವಾಗಿ ವಿಷಾದಿಸುತ್ತದೆ, ತಮ್ಮ ಸಹಕಾರ ಕೋರುತ್ತದೆ. ಭಾಷೆ ಅತ್ಯಂತ ಗೌರವಯುತ. ಕಲಬುರಗಿ ಕಡೆಯ ಒಬ್ಬ ಗಾರೆ ಕೆಲಸದವರು ಅದರ ಫೋಟೊ ತೆಗೆದುಕೊಂಡು ಶುಕ್ರವಾರ ನನ್ನ ಹತ್ತಿರ ಬಂದರು. ನಾನು ಪೂರ್ತಿ ಓದಿ ಕನ್ನಡದಲ್ಲಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಎಲ್ಲಾ ಛಲೋ ಬರದಾರ್ರಿ ಸಾಹೇಬ್ರ. ತಾರೀಖ ಎಲ್ಲಿ ಐತ್ರಿ?"

ವಿಷಾದದ ಬಗ್ಗೆ ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಓದಿಲ್ಲ. ಊರಲ್ಲಿ ಮಗಳ ಫೀಸು ಕಟ್ಟಬೇಕಾದವರಿಗೆ, ಕೈಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಿರುವವರಿಗೆ ಬೇಕಾದದ್ದು ಕಂಪನಿಯ ದುಃಖ ಅಲ್ಲವಲ್ಲ. ತಾರೀಖು ಬರೆದರೆ ಅದು ಮಾತಾಗುತ್ತದೆ, ತಪ್ಪಿದರೆ ಹಿಡಿದು ಕೇಳಬಹುದು. ಅದಕ್ಕೇ ಬರೆಯಲಿಲ್ಲ. ಸೌದಿ ಸರಕಾರ 2013ರಿಂದ ವೇತನ ಸಂರಕ್ಷಣಾ ವ್ಯವಸ್ಥೆ ಎಂಬುದನ್ನು ಹಂತಹಂತವಾಗಿ ತಂದಿದೆ. ಯಾರಿಗೆ ಎಷ್ಟು ಸಂಬಳ ಯಾವ ದಿನ ಸಂದಾಯವಾಯಿತು ಎಂಬ ಫೈಲನ್ನು ಕಂಪನಿಗಳು ಸಲ್ಲಿಸಬೇಕು. ಆ ಫೈಲಿನಲ್ಲಿ ವಿಷಾದಕ್ಕೆ ಕಾಲಂ ಇಲ್ಲ.

ನೋಟಿಸು ಅಂಟಿಸಿದ್ದು ಎಂಥ ಊರಿನಲ್ಲಿ ಎಂಬುದನ್ನೂ ನೋಡಬೇಕು. ಕ್ಷಮೆ ಕೇಳುವುದಕ್ಕೆಂದೇ ಜಗತ್ತಿನ ಮೂಲೆಮೂಲೆಯಿಂದ ಜನ ಬರುವ ಊರು ಇದು. ಇಲ್ಲಿಯ ಶಾಸ್ತ್ರ ಈ ವಿಷಯದಲ್ಲಿ ಲೆಕ್ಕಿಗನಷ್ಟೇ ಕಟ್ಟುನಿಟ್ಟು. 13ನೆಯ ಶತಮಾನದ ವಿದ್ವಾಂಸ ಇಮಾಮ್ ನವವಿ 'ರಿಯಾದುಸ್ಸಾಲಿಹೀನ್'ನಲ್ಲಿ ಪಶ್ಚಾತ್ತಾಪಕ್ಕೆ ಹೇಳುವ ಷರತ್ತುಗಳು ಮೂರು: ತಪ್ಪನ್ನು ನಿಲ್ಲಿಸಬೇಕು, ಅದಕ್ಕೆ ಮರುಗಬೇಕು, ಮತ್ತೆ ಮಾಡುವುದಿಲ್ಲ ಎಂದು ನಿಶ್ಚಯಿಸಬೇಕು. ತಪ್ಪು ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯದೊಂದು ಸೇರುತ್ತದೆ: ಅವನ ಹಕ್ಕನ್ನು ಅವನಿಗೆ ಮುಟ್ಟಿಸಬೇಕು, ಇಲ್ಲವೇ ಅವನಿಂದಲೇ ಬಿಡುಗಡೆ ಪಡೆಯಬೇಕು. ಅವನ ಪರವಾಗಿ ದೇವರನ್ನು ಕೇಳಿ ಮುಗಿಸಲು ಬರುವುದಿಲ್ಲ. ಇಹ್ರಾಮಿನಲ್ಲಿರುವ ಯಾತ್ರಿ ಕಾಯಿಲೆಯಿಂದಲೋ ತಲೆಯ ತೊಂದರೆಯಿಂದಲೋ ಹೊತ್ತಿಗೆ ಮೊದಲೇ ತಲೆ ಬೋಳಿಸಬೇಕಾಗಿ ಬಂದರೂ ಪರಿಹಾರ ಪಟ್ಟಿ ಮಾಡಿಟ್ಟಿದೆ: ಮೂರು ದಿನ ಉಪವಾಸ, ಇಲ್ಲವೇ ಆರು ಮಂದಿ ಬಡವರಿಗೆ ಊಟ, ಇಲ್ಲವೇ ಒಂದು ಕುರಿಯ ಬಲಿ.

ಬೀದಿಯ ಭಾಷೆಯೂ ಇದಕ್ಕೆ ದೂರವಿಲ್ಲ. ಸಣ್ಣದಾಗಿ ಕೈ ತಾಗಿದರೆ ಅರಬರು 'ಮಾಲೇಶ್' ಎಂದು ಮುಂದೆ ಹೋಗುತ್ತಾರೆ. ಹೋಗಲಿ ಬಿಡಿ ಎಂಬ ಹಗುರ ಮಾತು ಅದು. ತಪ್ಪು ನಿಜವಾಗಿದ್ದರೆ 'ಹಕ್ಕಕ್ ಅಲಯ್ಯ' ಎನ್ನುತ್ತಾರೆ. ನಿನ್ನ ಹಕ್ಕು ನನ್ನ ಮೇಲಿದೆ, ಅಂದರೆ ನಾನು ನಿನಗೆ ಬಾಕಿದಾರ. ವಯಸ್ಸಾದವರಿಗೆ ನೋವು ಮಾಡಿದ್ದರೆ ಹತ್ತಿರ ಹೋಗಿ ಹಣೆಗೋ ನೆತ್ತಿಗೋ ಮುತ್ತಿಡುತ್ತಾರೆ. ಕಾಬಾದ ಸುತ್ತಿನ ನೂಕುನುಗ್ಗಲಿನಲ್ಲಿ ಇಂಡೋನೇಷ್ಯಾದ ಹೆಂಗಸರು 'ಮಾಫ್, ಮಾಫ್' ಎನ್ನುತ್ತಾ ಸರಿಯುವುದನ್ನು ಕೇಳಿದಾಗ ನಮ್ಮ ಕಡೆಯವರಿಗೆ ಅದು ಕನ್ನಡವೇ ಅನ್ನಿಸುತ್ತದೆ. ಒಂದೇ ಅರಬಿ ಮೂಲದ ಮಾತು. ನಮ್ಮಲ್ಲಿ ಅದು ಕಂದಾಯದ ಕಾಗದಗಳಲ್ಲೂ ನೆಲೆಯೂರಿ ಮಾಫಿ ಜಮೀನು, ಸಾಲ ಮಾಫಿ ಆಯಿತು. ಸುಮಿಮಾಸೆನ್, ಹಕ್ಕಕ್ ಅಲಯ್ಯ, ಮಾಫಿ: ಮೂರು ಭಾಷೆಗಳೂ ಕ್ಷಮೆಯನ್ನು ಬಾಕಿಯ ಪಕ್ಕದಲ್ಲೇ ಇಟ್ಟಿವೆ.

ನನ್ನ ಅಜ್ಜ ಬೊಂಬಾಯಿಯಿಂದ ಹಡಗಿನಲ್ಲಿ ಹಜ್ ಯಾತ್ರೆಗೆ ಬಂದವರು. ಹೊರಡುವ ಮುಂಚೆ ಒಂದು ವಾರ ಊರೆಲ್ಲ ಸುತ್ತಿದ್ದರಂತೆ, ಕೈಯಲ್ಲಿ ಒಂದು ಪುಸ್ತಕ ಹಿಡಿದುಕೊಂಡು. ಜವಳಿ ಅಂಗಡಿ, ಕಿರಾಣಿ ಅಂಗಡಿ, ಅಡಿಕೆ ತೂಗುವಲ್ಲಿ, ಗದ್ದೆಯ ಬದುವಿನ ತಕರಾರು ಇದ್ದ ನೆರೆಮನೆಯಲ್ಲಿ. "ಮಾತಿನಲ್ಲಿ, ವ್ಯವಹಾರದಲ್ಲಿ ನನ್ನಿಂದ ಹೆಚ್ಚುಕಡಿಮೆ ಆಗಿದ್ದರೆ ಹೇಳಬೇಕು." ಇದರಲ್ಲೂ 'ಆಗಿದ್ದರೆ' ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಅದು 'ಹೇಳಬೇಕು' ಎಂದು ಮುಗಿಯುತ್ತದೆ, ಹೇಳುವವರೆಗೆ ಕೇಳಿದವರು ಕದಲುವುದಿಲ್ಲ. ಕಿರಾಣಿ ಅಂಗಡಿಯವರು, "ಎರಡೂವರೆ ರೂಪಾಯಿ ಹಳೆಯದೊಂದು ಇದೆ ಬ್ಯಾರಿಗಳೇ, ಅದು ಇರಲಿ ಬಿಡಿ" ಎಂದಿದ್ದರಂತೆ. ಅಜ್ಜ ಕೊಟ್ಟು, ಪುಸ್ತಕದಲ್ಲಿ ಹೊಡೆದು ಹಾಕಿಸಿಕೊಂಡು ಬಂದರು. ಅತಿ ಔಪಚಾರಿಕ ನಡವಳಿಕೆ, ಮನೆಮನೆಗೂ ಅದೇ ವಾಕ್ಯ. ಆ ವಾಕ್ಯ ಸವೆದದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ಈಗ ಹಜ್ ಕಾಲ ಬಂತೆಂದರೆ ನನ್ನ ವಾಟ್ಸಾಪಿಗೆ ಹೂವಿನ ಚಿತ್ರದ ಸಂದೇಶಗಳು ಬೀಳುತ್ತವೆ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಮಾಫ್ ಮಾಡಿ ಎಂದು ಒಂದೇ ಒತ್ತಿಗೆ ಇನ್ನೂರು ಜನಕ್ಕೆ. ದಶಲಕ್ಷಣ ಪರ್ವದ ಕೊನೆಗೆ ಜೈನರು ಒಬ್ಬೊಬ್ಬರನ್ನೇ ಕಂಡು ಕೇಳುತ್ತಿದ್ದ ಕ್ಷಮಾವಣಿಗೂ ಇದೇ ಗತಿ ಬಂದಿದೆ ಎಂದು ಜೈನ ಗೆಳೆಯರು ಹೇಳುತ್ತಾರೆ. ಇಲ್ಲಿ ಹಳೆಯ ಮಾತು ಉಳಿದಿದೆ, ಹೋಗಿ ನಿಲ್ಲುವ ಕೆಲಸ ಬಿಟ್ಟುಹೋಗಿದೆ. ಸಂದೇಶಕ್ಕೆ ಉತ್ತರವಾಗಿ "ಹೌದು, ನಿಮ್ಮಿಂದ ನನಗೆ ಇಂಥದ್ದು ಬರಬೇಕು" ಎಂದು ಯಾರಾದರೂ ಬರೆದರೆ ಕಳಿಸಿದವರು ಗಾಬರಿಯಾಗುವುದು ಖಂಡಿತ.

ಔಪಚಾರಿಕ ಕ್ಷಮೆಯ ಪರವಾಗಿ ಇಷ್ಟು ವಾದಿಸಿದ ಮೇಲೆ ಅದು ಕೈಕೊಡುವ ಜಾಗವನ್ನೂ ಹೇಳಬೇಕು. ನಮ್ಮ ವೃತ್ತಿಯವರು ಮರೆಯಲಾಗದ ಪತ್ರವೊಂದಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದದ್ದು. ಪತ್ರ ಅಂಕಿಗಳಿಂದ ಶುರುವಾಗುತ್ತದೆ: ಇಲ್ಲದ ನಗದು ಮತ್ತು ಬ್ಯಾಂಕ್ ಶಿಲ್ಕು 5,040 ಕೋಟಿ ರೂಪಾಯಿ, ಇಲ್ಲದ ಬಡ್ಡಿ 376 ಕೋಟಿ, ತೋರಿಸದ ಹೊಣೆ 1,230 ಕೋಟಿ, ಹೆಚ್ಚಿಗೆ ತೋರಿಸಿದ ಬಾಕಿ 490 ಕೋಟಿ. 'ಎಷ್ಟು' ಎಂಬ ಕಾಲಂ ಇಷ್ಟು ಪೂರ್ತಿಯಾಗಿ ತುಂಬಿದ ತಪ್ಪೊಪ್ಪಿಗೆ ಅಪರೂಪ. ಆದರೆ ಕೊನೆಯಲ್ಲಿ ನೌಕರರ, ಹೂಡಿಕೆದಾರರ ಕ್ಷಮೆ ಕೇಳುವ ಸಾಲಿಗೆ ಬಂದಾಗ ಅವರು ಕೇಳಿದ್ದು 'ಈಗಿನ ಪರಿಸ್ಥಿತಿ'ಗಾಗಿ. ಅಂಕಿಗಳಲ್ಲಿ ಬಂದು ನಿಂತ ಮನುಷ್ಯ ಕ್ಷಮೆಯ ವಾಕ್ಯದಲ್ಲಿ ಪರಿಸ್ಥಿತಿಯ ಹಿಂದೆ ಸರಿದುಬಿಟ್ಟರು.

ಇದರ ಪಕ್ಕಕ್ಕೆ ಜಪಾನಿನ ಯಮಾಯಿಚಿ ಸೆಕ್ಯುರಿಟೀಸ್ ಇಟ್ಟು ನೋಡಬಹುದು. ನೂರು ತುಂಬಿದ ವರ್ಷದಲ್ಲೇ, 1997ರ ನವೆಂಬರ್ 24ರಂದು, ಸುಮಾರು 26,000 ಕೋಟಿ ಯೆನ್ ನಷ್ಟ ಮುಚ್ಚಿಟ್ಟದ್ದು ಬಯಲಾಗಿ ಆ ಸಂಸ್ಥೆ ಬಾಗಿಲು ಹಾಕುವುದಾಗಿ ಘೋಷಿಸಿತು. ಅಧ್ಯಕ್ಷ ಶೋಹೇ ನೊಝಾವಾ ಆ ಸ್ಥಾನಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಪತ್ರಿಕಾಗೋಷ್ಠಿಯಲ್ಲಿ ಎದ್ದು ನಿಂತು ಅಳುತ್ತಾ ಅವರು ಹೇಳಿದ್ದರ ತಿರುಳು ಇಷ್ಟು: ಕೆಟ್ಟವರು ನಾವು, ನೌಕರರು ಕೆಟ್ಟವರಲ್ಲ, ಅವರಿಗೆ ಬೇರೆ ಕಡೆ ಕೆಲಸ ಸಿಗುವಂತೆ ನೆರವಾಗಿ. ಯಾರು, ಯಾರಿಗೆ, ಮುಂದೇನು ಎಂಬ ಮೂರೂ ಅದರಲ್ಲಿವೆ. ಹಾಗೆಂದು ಜಪಾನನ್ನು ಹೊಗಳುತ್ತಾ ಕೂರಲಾಗದು. ಅದೇ ದೇಶದಲ್ಲಿ 2011ರಲ್ಲಿ ಒಲಿಂಪಸ್, 2015ರಲ್ಲಿ ತೋಶಿಬಾ ಲೆಕ್ಕ ತಿರುಚಿದ್ದು ಹೊರಬಂದಾಗಲೂ ಮುಖ್ಯಸ್ಥರು ಕ್ಯಾಮೆರಾದ ಮುಂದೆ ಬಾಗಿ ನಿಂತರು. ಬಾಗಿದ ಕೋನ ಎಷ್ಟಿದ್ದರೂ ಅದು ಲೆಕ್ಕ ತಿರುಚುವುದನ್ನು ತಡೆಯುವುದಿಲ್ಲ.

ನಮ್ಮ ನಾಡಿನಲ್ಲಿ ಇತ್ತೀಚೆಗೆ ಕ್ಷಮೆಗೆ ಬೇರೊಂದು ಕೆಲಸ ಹಚ್ಚಿದ್ದೇವೆ. ಕಾವೇರಿ ವಿವಾದದ ಕಾಲದಲ್ಲಿ ಆಡಿದ ಹಳೆಯ ಮಾತಿಗೆ ನಟ ಸತ್ಯರಾಜ್ 2017ರ ಏಪ್ರಿಲ್‌ನಲ್ಲಿ ವಿಷಾದ ಹೇಳಿದ ಮೇಲೆ 'ಬಾಹುಬಲಿ'ಯ ಎರಡನೆಯ ಭಾಗಕ್ಕೆ ಕರ್ನಾಟಕದಲ್ಲಿ ದಾರಿ ಬಿಟ್ಟರು. 2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಎಂಬ ಅರ್ಥದ ಮಾತಾಡಿದಾಗ ಮತ್ತೆ ಅದೇ ಬೇಡಿಕೆ. ಅವರು ಚಲನಚಿತ್ರ ವಾಣಿಜ್ಯ ಮಂಡಳಿಗೆ ಬರೆದ ಪತ್ರದಲ್ಲಿ ಕನ್ನಡದ ಮೇಲಿನ ಪ್ರೀತಿ ಇತ್ತು, ಮಾತನ್ನು ತಪ್ಪಾಗಿ ಅರ್ಥೈಸಲಾಗಿದೆ ಎಂಬ ವಿವರಣೆ ಇತ್ತು, ಕ್ಷಮೆ ಎಂಬ ಪದ ಇರಲಿಲ್ಲ. ಹೈಕೋರ್ಟ್ ಅದನ್ನೇ ಎತ್ತಿ ತೋರಿಸಿತು. ಕ್ಷಮೆ ಕೇಳಿಸುವುದು ಹೈಕೋರ್ಟಿನ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ ಜೂನ್‌ನಲ್ಲಿ ಹೇಳಿತು. ಆ ಭಾಷಾಶಾಸ್ತ್ರ ತಪ್ಪೆಂದು ನಾನೂ ನಂಬುತ್ತೇನೆ. ಆದರೆ ಚಿತ್ರಮಂದಿರದ ಬಾಗಿಲಲ್ಲಿ ವಸೂಲಿ ಮಾಡುವ ಕ್ಷಮೆ ಸುಂಕವಾಗುತ್ತದೆ. ಕಟ್ಟಿದವನು ದಾಟುತ್ತಾನೆ, ಅವನ ಅಭಿಪ್ರಾಯ ಇದ್ದಲ್ಲೇ ಇರುತ್ತದೆ. ಸಿನಿಮಾ ನಟರಿಂದ ಆ ಒಂದು ಪದಕ್ಕಾಗಿ ಇಷ್ಟು ಪಟ್ಟು ಹಿಡಿಯುವ ನಾವು, ಕನ್ನಡಿಗರ ಸಂಬಳ ತಡೆದವರಿಂದ, ಮನೆಯೆದುರಿನ ರಸ್ತೆ ಅಗೆದು ಮುಚ್ಚದೆ ಹೋದವರಿಂದ 'ವಿಷಾದ'ವನ್ನು ಮರುಮಾತಿಲ್ಲದೆ ತೆಗೆದುಕೊಳ್ಳುತ್ತೇವೆ.

ಹಾಗಾಗಿ ನನ್ನ ಸಲಹೆ ಸಣ್ಣದು. ಹೊರನಾಡಿನ ಕನ್ನಡ ಸಂಘಗಳು ಸುತ್ತೋಲೆ ಬರೆಯುತ್ತವೆ, ನಮ್ಮಲ್ಲಿ ಹಲವರು ಕಂಪನಿಗಳಲ್ಲಿ ನೋಟಿಸು ಬರೆಯುವ, ಅನುವಾದಿಸುವ ಜಾಗದಲ್ಲಿದ್ದೇವೆ. 'ವಿಷಾದಿಸುತ್ತೇವೆ' ಎಂದು ಟೈಪಾದಲ್ಲೆಲ್ಲ ಅದನ್ನು ಅಳಿಸಿ 'ನಮ್ಮಿಂದ' ಎಂದು ಶುರುಮಾಡಿ ನೋಡಬಹುದು. ನಮ್ಮಿಂದ ಮೂರು ತಿಂಗಳ ಸಂಬಳ ಬಾಕಿಯಾಗಿದೆ. ಇದು ನೂರಾ ಹನ್ನೆರಡು ಜನರಿಗೆ ಸೇರಬೇಕಾದದ್ದು. ಮೊದಲ ಕಂತು ಇಂಥ ತಾರೀಖು ಕೊಡುತ್ತೇವೆ. ಇಷ್ಟು ಬರೆದ ಮೇಲೆ 'ಕ್ಷಮಿಸಿ' ಎಂದು ಎಷ್ಟು ಬೇಕಾದರೂ ಬಾಗಿ ಹೇಳಲಿ, ಯಾರೂ ಬೇಡವೆನ್ನುವುದಿಲ್ಲ. ತಾರೀಖು ಬರೆಯಲು ಮೇಲಿನವರು ಒಪ್ಪದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟೇ ಅಂಟಿಸೋಣ. ಓದುವವರಿಗೆ ಕೇಳಬೇಕಾದ ಪ್ರಶ್ನೆ ಎಲ್ಲಿದೆ ಎಂದಾದರೂ ಕಾಣುತ್ತದೆ.